ಹೇರುಗುದುರೆಗೊಂದು ಹೆಸರು

ಕುದುರೆಗೆ ಹೇರು ಕಟ್ಟುವುದು ಹೆಂಗಸರ ಕೆಲಸ. ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲ್ಲೂಕಿನ ಮೂಡಣ ಭಾಗದ ಉಮದಿ, ಸಂಖ, ಮಾಡಗ್ಯಾಳ ಸುತ್ತಿನ ಕುರಿಗಾರರಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ. ಗಂಡಸರು ನಸುಕಿನಲ್ಲೇ ಹಿಂಡು ಹೊಡೆದುಕೊಂಡು ಬದುಗುಂಟ ಹೊರಟುಹೋಗಿರುತ್ತಾರೆ. ಬಿಡಾರ ಕಿತ್ತು, ಸಂಸಾರವನ್ನೆಲ್ಲ ಕುದುರೆಯ ಬೆನ್ನಿಗೇರಿಸಿ, ಬೇರೆ ದಾರಿ ಹಿಡಿದು, ಸಂಜೆ ಹಿಂಡು ಬರುವುದರೊಳಗೆ ಹೊಸ ಹೊಲದಲ್ಲಿ ಒಲೆ ಹೂಡುವುದು ಅತ್ತೆ–ಸೊಸೆಯರ ಪಾಲು.

ಮೊದಲು ಬೆನ್ನ ಮೇಲೆ ಹಳೆಯ ಕೌದಿ, ಅದರ ಮೇಲೆ ಮಡಚಿದ ಕಂಬಳಿ. ಬೆನ್ನೆಲುಬಿನ ಎರಡೂ ಮಗ್ಗುಲಿಗೆ ದಪ್ಪಗಾಗಿ ನಡುವೆ ಗಾಳಿಯಾಡುವಷ್ಟು ಸಂದು ಉಳಿಯಬೇಕು. ಅದು ತಪ್ಪಿದರೆ ಸಂಜೆಗೆ ಬೆನ್ನು ಹುಣ್ಣು. ಆಮೇಲೆ ಹಸಿಬಿ, ಎರಡೂ ಬದಿಗೆ ಇಳಿಬೀಳುವ ಚೀಲ. ಒಂದು ಕಡೆ ಜೋಳದ ಹಿಟ್ಟು, ಇನ್ನೊಂದು ಕಡೆ ಬೋಗುಣಿ, ತಾಟು, ಕೊಡ. ತಕ್ಕಡಿಯಿಲ್ಲ, ಕೈಯಲ್ಲಿ ಎತ್ತಿ ನೋಡಿಯೇ ತೂಕ ಸರಿಮಾಡುವುದು. 'ತಂಗೀ, ಬಲಕ್ಕ ಭಾಳ ಆತು ನೋಡ, ಆ ಕೊಡ ಈ ಕಡೆ ಹಾಕು' ಎಂದು ಹಿರಿಯಳು ಹೇಳಿದರೆ ಎರಡು ಮಾತಿಲ್ಲ. ಮೇಲೆ ಕುರಿ ಕೂಡುವ ಬಲೆ, ಗೂಟ, ತಾಡಪತ್ರಿ, ತುದಿಗೆ ಕಾಲು ಕಟ್ಟಿದ ಕೋಳಿ. ರಾತ್ರಿ ಕುರಿ ಈದಿದ್ದರೆ ಮರಿ ಚೀಲದಲ್ಲಿ, ತಲೆಯಷ್ಟೇ ಹೊರಗೆ. ನಡೆಯಲಾರದ ಕೂಸಿದ್ದರೆ ಹಾಸಿಗೆಯ ನಡುವೆ ತಗ್ಗು ಮಾಡಿ ಕೂರಿಸಿ ಸೀರೆಯ ತುಂಡಿನಿಂದ ಬಿಗಿಯುತ್ತಾರೆ. ಕಡೆಗೆ ಹೊಟ್ಟೆಯ ಕೆಳಗಿನ ಹಗ್ಗ. ಕುದುರೆಯೂ ಕಸುಬು ಬಲ್ಲದ್ದೇ. ಹೊಟ್ಟೆ ಉಬ್ಬಿಸಿ ನಿಂತಿರುತ್ತದೆ. ಬಲ್ಲ ಹೆಣ್ಣುಮಗಳು ಅದು ಉಸಿರು ಬಿಡುವವರೆಗೆ ಕಾದು ಇನ್ನಷ್ಟು ಎಳೆಯುತ್ತಾಳೆ.

ಊರಲ್ಲಿ ಈ ಕುದುರೆಯನ್ನು ತಟ್ಟು ಎಂದೇ ಕರೆಯುವುದು. ಗಿಡ್ಡ ಮೈಕಟ್ಟು, ಗಟ್ಟಿ ಗೊರಸು, ಕಂದೋ ಬೂದಿಯೋ ಬಣ್ಣ. ಮದುವೆ ಮೆರವಣಿಗೆಯ ಬಿಳಿ ಕುದುರೆಯ ಪಕ್ಕ ನಿಲ್ಲಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಂಥ ತಟ್ಟಿಗೆ 2023–24ರಲ್ಲಿ ಸರ್ಕಾರಿ ಹೆಸರು ಸಿಕ್ಕಿತು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ 'ಭೀಮಥಡಿ'ಯನ್ನು ಭಾರತದ ಪ್ರತ್ಯೇಕ ಕುದುರೆ ತಳಿಯೆಂದು ನೋಂದಾಯಿಸಿತು. ಮಾರವಾಡಿ, ಕಾಠಿಯಾವಾಡಿ, ಕಚ್ಛಿ–ಸಿಂಧಿ, ಮಣಿಪುರಿ, ಭೂತಿಯಾ, ಸ್ಪಿತಿ, ಝನಸ್ಕರಿ ಈ ಏಳರ ಸಾಲಿಗೆ ಎಂಟನೆಯದು. ಆ ಏಳರಲ್ಲಿ ಮೂರು ಪಶ್ಚಿಮದ ಒಣ ಸೀಮೆಯವು, ಉಳಿದವು ಹಿಮಾಲಯದ ಮತ್ತು ಈಶಾನ್ಯದ ಬೆಟ್ಟದವು. ವಿಂಧ್ಯದಿಂದ ಈಚೆಗೆ, ಇಡೀ ದಖ್ಖನಿಗೆ, ಪಟ್ಟಿಯಲ್ಲಿ ಇದೊಂದೇ.

ಇಷ್ಟು ತಡವಾದದ್ದು ಸೋಜಿಗ. ಏಕೆಂದರೆ ಈ ಸೀಮೆಯ ಚರಿತ್ರೆಯನ್ನು ಬರೆದದ್ದೇ ಕುದುರೆಯ ಗೊರಸು. ಭೀಮೆ, ನೀರಾ, ಮಾಣ ನದಿಗಳ ದಂಡೆಯಲ್ಲಿ ಬೆಳೆದ ಕುದುರೆಗಳೇ ಮರಾಠಾ ದಂಡಿನ ಬಲ. ದಂಡಿನಲ್ಲಿ ಎರಡು ಬಗೆಯ ಸವಾರರು: ಸ್ವಂತ ಕುದುರೆ ತಂದು ಚಾಕರಿಗೆ ನಿಲ್ಲುವ ಶಿಲೇದಾರ, ಸರ್ಕಾರದ ಕುದುರೆ ಏರುವ ಬಾರಗೀರ. ಶಿಲೇದಾರನಿಗೆ ಕುದುರೆಯೇ ಬಂಡವಾಳ. ಅದು ಸತ್ತರೆ ಚಾಕರಿಯೂ ಸತ್ತಂತೆ. ಹಾಗಾಗಿ ನಾಲ್ಕೆಕರೆ ಜೋಳದ ಹೊಲವಿದ್ದ ಮನೆಯಲ್ಲೂ ಒಂದು ಹೆಣ್ಣು ಕುದುರೆ ಇರುವುದು, ವರ್ಷ ಬಿಟ್ಟು ವರ್ಷ ಮರಿ ಹಾಕಿಸುವುದು ಲಾಭದ ಮಾತಾಗಿತ್ತು. ಸಣ್ಣ ರೈತನ ಮನೆಯೇ ಆಗಿನ ಅಶ್ವಶಾಲೆ.

ಜತ್ತ ತಾಲ್ಲೂಕಿನ ಉಮರಾಣಿಗೆ ಹೋದವರು ಕುದುರೆಯೇ ದಂಡಿನ ಬಲ ಎಂಬ ಮಾತನ್ನು ಇನ್ನೊಂದು ದಿಕ್ಕಿನಿಂದ ನೋಡಬಹುದು. 1673ರ ಏಪ್ರಿಲ್‌ನಲ್ಲಿ ಬಿಜಾಪುರದ ಸರದಾರ ಬಹಲೋಲ ಖಾನನ ಸೈನ್ಯ ಇಲ್ಲಿ ಬೀಡುಬಿಟ್ಟಿತ್ತು. ಶಿವಾಜಿಯ ಸರನೋಬತ (ಸೇನಾಪತಿ) ಪ್ರತಾಪರಾವ ಗುಜರ ಬಂದು ಮೊದಲು ಮಾಡಿದ ಕೆಲಸ, ಅವರ ನೀರಿನ ದಾರಿ ಕಟ್ಟಿದ್ದು. ಏಪ್ರಿಲ್ ಬಿಸಿಲಿಗೆ ಜತ್ತ ಸೀಮೆಯಲ್ಲಿ ನೀರು ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಕುದುರೆಗೆ ದಿನಕ್ಕೆ ಕಡಿಮೆಯೆಂದರೂ 20–25 ಲೀಟರ್ ನೀರು ಬೇಕು, ದುಡಿದ ದಿನ ಅದರ ಒಂದೂವರೆ ಪಟ್ಟು. ಸಾವಿರಾರು ಕುದುರೆಗಳ ದಂಡು ಕತ್ತಿಗಿಂತ ಮೊದಲು ಬಾಯಾರಿಕೆಗೆ ಸೋತಿತು. ಖಾನ ಶರಣಾದ, ಪ್ರತಾಪರಾವ ಬಿಟ್ಟುಕೊಟ್ಟ. ಹಾಗೆ ಬಿಟ್ಟದ್ದಕ್ಕೆ ಶಿವಾಜಿ ಸಿಟ್ಟಾದದ್ದು, ಮರುವರ್ಷ ನೇಸರಿಯಲ್ಲಿ ಪ್ರತಾಪರಾವ ಬೆರಳೆಣಿಕೆಯ ಸವಾರರೊಡನೆ ನುಗ್ಗಿ ಸತ್ತದ್ದು ಎಲ್ಲರಿಗೂ ತಿಳಿದ ಕಥೆ. ಉಮರಾಣಿಯ ಗೆಲುವಿನ ಹಿಂದಿದ್ದ ನೀರಿನ ಲೆಕ್ಕವನ್ನು ಮಾತ್ರ ಕಥೆ ಹೇಳುವವರು ಅವಸರದಲ್ಲಿ ದಾಟಿಬಿಡುತ್ತಾರೆ.

ಜತ್ತವನ್ನು ಆಳಿದ ಡಫಳೆ ಮನೆತನ ಮೊದಲು ಆದಿಲಶಾಹಿ ಚಾಕರಿಯಲ್ಲಿದ್ದು ಬೆಳೆದದ್ದು. ಮುಂದೆ ಅದು ಸಾತಾರಾದ ಅರಸರಿಗೆ ಸವಾರರನ್ನು ಕಳಿಸಬೇಕಾದ ಬಾಧ್ಯತೆ ಇದ್ದ ಜಹಗೀರು. ಬ್ರಿಟಿಷರ ಕಾಲಕ್ಕೆ ಆ ಸವಾರರ ಬದಲು ವರ್ಷಾವರ್ಷ ರೊಕ್ಕ ಕಟ್ಟಿದರೆ ಸಾಕು ಎಂದಾಯಿತು. ತಳಿಯ ಇಳಿಗಾಲಕ್ಕೆ ನಾನಾ ಕಾರಣ ಹೇಳುತ್ತಾರೆ, ಬ್ರಿಟಿಷರು ಬೇಕೆಂದೇ ಹಾಳುಗೆಡವಿದರು ಎನ್ನುವವರೂ ಇದ್ದಾರೆ. ನನಗಂತೂ ಈ ಒಂದು ಲೆಕ್ಕವೇ ಸಾಕೆನಿಸುತ್ತದೆ: 1818ರಲ್ಲಿ ಪೇಶವಾಯಿ ಮುಗಿಯಿತು, ಶಿಲೇದಾರ ಮನೆಗೆ ಬಂದ, ಕುದುರೆಯನ್ನು ಕೊಳ್ಳುವವರು ಇಲ್ಲವಾದರು. ಕೊಳ್ಳುವವರಿಲ್ಲದ ಪ್ರಾಣಿಗೆ ಬರಗಾಲದ ಸೀಮೆಯಲ್ಲಿ ಯಾರು ಮೇವು ಹಾಕುತ್ತಾರೆ?

ಹಾಕಿದವರು ಕುರಿಗಾರರು. ಯುರೋಪಿನ ರೈತನಂತೆ ನಮ್ಮವನು ಕುದುರೆಯಿಂದ ಉಳಲಿಲ್ಲ. ಈ ಕರಿಮಣ್ಣಿಗೆ ಖಿಲಾರಿ ಎತ್ತೇ ಸರಿ. ಆದರೆ ಮೇವು ಹುಡುಕಿ ಊರೂರು ತಿರುಗುವ ಸಂಸಾರಕ್ಕೆ ಎತ್ತು ನಿಧಾನ, ಕತ್ತೆ ಸಣ್ಣದು. ತಟ್ಟು ಕರಡ ತಿಂದು ಬದುಕೀತು, ಕೆಸರು–ಕಲ್ಲು ಅನ್ನದೆ ನಡೆದೀತು. ಮಾಡಗ್ಯಾಳದ ಕುರಿ ಹೆಸರುವಾಸಿ: ಬಿಳಿ ಮೈಮೇಲೆ ಕಂದು ಮಚ್ಚೆ, ಬಾಗಿದ ಮೂಗು, ಎತ್ತರದ ನಿಲುವು. ಆ ಕುರಿಯ ಬೆನ್ನಿಗೆ ಬಿದ್ದು ಭೀಮಥಡಿ ಇನ್ನೂರು ವರ್ಷ ಉಳಿಯಿತು. ರಾಜರ ಲಾಯದಲ್ಲಿ ಉಳಿಯದ್ದು ಕುರುಬರ ಹಟ್ಟಿಯಲ್ಲಿ ಉಳಿಯಿತು.

ಮಳೆಗಾಲದಲ್ಲಿ ಹಿಂಡು ಊರಿಗೆ ಮರಳಿದಾಗ ಕುದುರೆಗೂ ಮನೆವಾಸ. ಒಂದಿಷ್ಟು ಮಳೆಯಾಶ್ರಿತ ಹೊಲ, ಹಿಂಗಾರಿಗೆ ಮಾಲದಂಡಿ ಜೋಳ, ನೀರಿದ್ದವರಿಗೆ ದಾಳಿಂಬೆಯೋ ದ್ರಾಕ್ಷಿಯೋ; ಮನೆಯ ಹಿಂದೆ ಗೂಟಕ್ಕೆ ಕುದುರೆ. ಬೆಳಿಗ್ಗೆ ಮೊದಲ ಕೆಲಸ ಲದ್ದಿ ನೋಡುವುದು, ಬಳಿಯುವುದು ಆಮೇಲೆ. ಉಂಡೆ ಗಟ್ಟಿಯಿದೆಯೋ, ತೆಳುವೋ, ರಾತ್ರಿ ಹಾಕಿಯೇ ಇಲ್ಲವೋ ಎನ್ನುವುದರಲ್ಲಿ ಕುದುರೆಯ ಆರೋಗ್ಯವೆಲ್ಲ ಇದೆ. ದನದಂತೆ ಕುದುರೆ ಮೆಲುಕು ಹಾಕುವುದಿಲ್ಲ, ಹೊಟ್ಟೆ ಒಂದೇ, ಅದೂ ಸಣ್ಣದು. ತಿಂದದ್ದನ್ನು ವಾಂತಿ ಮಾಡಲೂ ಬಾರದು. ಬೂಸ್ಟು ಹಿಡಿದ ಕಣಿಕೆ ತಿಂದರೆ ಅಥವಾ ಹಸಿದಾಗ ಒಮ್ಮೆಲೇ ಕಾಳು ಸಿಕ್ಕರೆ ಕರುಳು ಕಟ್ಟಿಕೊಳ್ಳುತ್ತದೆ. ಆಗ ಅದು ಕಾಲಿಂದ ನೆಲ ಕೆರೆಯುತ್ತದೆ, ತಿರುಗಿ ಹೊಟ್ಟೆಯನ್ನೇ ನೋಡುತ್ತದೆ, ಬಿದ್ದು ಹೊರಳುತ್ತದೆ. ಈ ಹೊಟ್ಟೆಶೂಲೆ ಕೆಲವೇ ತಾಸಿನಲ್ಲಿ ಪ್ರಾಣ ಒಯ್ಯಬಹುದು. ಹಾಗಾಗಿ ಮೇವು ದಿನಕ್ಕೆರಡು ಸಲ ಸುರಿಯುವ ಬದಲು ಸ್ವಲ್ಪ ಸ್ವಲ್ಪವಾಗಿ ಇಡೀ ದಿನ; 250 ಕಿಲೊ ತೂಗುವ ತಟ್ಟಿಗೆ ಒಣಮೇವು ಐದಾರು ಕಿಲೊ. ಮರಿ ಹೊತ್ತದ್ದಕ್ಕೆ, ಹೇರು ಹೊರುವುದಕ್ಕೆ ನೆನೆಸಿದ ಹುರುಳಿಯ ಚಂದಿ.

ಎರಡನೆಯ ಚಿಂತೆ ಕಾಲಿನದು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರ್ ಹತ್ತಿರ ಬೆಳೆಯುತ್ತದೆ. ಒಂದೂವರೆ–ಎರಡು ತಿಂಗಳಿಗೊಮ್ಮೆ ಕೆತ್ತಬೇಕು. ಮಣ್ಣಿನ ದಾರಿಯಲ್ಲಿ ಬರಿಗೊರಸು ನಡೆದೀತು, ಡಾಂಬರು ಸವೆಸಿಬಿಡುತ್ತದೆ. ಲಾಳ ಹೊಡೆಯುವ ನಾಲಬಂದರು ಈಗ ಊರೂರಿಗೆ ಸಿಗುವುದಿಲ್ಲ. ಮುಳ್ಳು, ಮೊಳೆ ನೆಟ್ಟ ಗಾಯವನ್ನು ಸಣ್ಣದೆಂದು ಬಿಡುವಂತಿಲ್ಲ: ಸಾಕುಪ್ರಾಣಿಗಳಲ್ಲಿ ಧನುರ್ವಾಯು ಅತಿ ಬೇಗ ತಗಲುವುದು ಕುದುರೆಗೇ. ಚುಚ್ಚುಮದ್ದು ಇದೆ, ದುಬಾರಿಯೂ ಅಲ್ಲ. ಹಿಂಡು ಇಂದು ಇಲ್ಲಿ ನಾಳೆ ಅಲ್ಲಿ, ವೈದ್ಯರು ಇರುವುದು ಒಂದೇ ಕಡೆ ಎಂಬುದು ತೊಡಕು. ಆಸ್ಪತ್ರೆಯ ಚೀಟಿ ಮರಾಠಿಯಲ್ಲಿ, ಕುದುರೆಗೆ ಬೈಗುಳ ಕನ್ನಡದಲ್ಲಿ. ಎರಡೂ ಭಾಷೆ ಕುದುರೆಗೆ ತಿಳಿಯುತ್ತದೆ ಎಂದು ಇಲ್ಲಿಯವರು ನಗುತ್ತಾರೆ.

ಕುದುರೆಯ ಬಸಿರು ಹನ್ನೊಂದು ತಿಂಗಳು. ಈಯುವುದು ಹೆಚ್ಚಾಗಿ ರಾತ್ರಿ, ಜನ ಮಲಗಿದ ಮೇಲೆ. ಮರಿ ಒಂದೆರಡು ತಾಸಿನಲ್ಲಿ ಎದ್ದು ನಿಂತು ಮೊಲೆ ಹುಡುಕುತ್ತದೆ. ಅಷ್ಟರಲ್ಲಿ ಏಳದಿದ್ದರೆ ಮನೆಯವರಿಗೆ ದಿಗಿಲು. ಹೆಣ್ಣು ಮರಿಯಾದರೆ ಮನೆಗೆ, ಗಂಡಾದರೆ ಸಾಮಾನ್ಯವಾಗಿ ಮಾರಾಟಕ್ಕೆ.

ಮಾರುವ ಕಟ್ಟೆಗಳಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಮಾರ್ಗಶಿರದಲ್ಲಿ ಜತ್ತದ ಯಲ್ಲಮ್ಮನ ಜಾತ್ರೆ, ಅದು ಮುಖ್ಯವಾಗಿ ಖಿಲಾರಿ ದನದ್ದು. ಪಂಢರಪುರದ ಕಾರ್ತೀಕಿ ಸಂತೆ, ಕುದುರೆಗೇ ಹೆಸರಾದ ಅಕಲೂಜ ಸಂತೆ ಬೇರೆ. ಕೊಳ್ಳುವವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಐದು ವರ್ಷಕ್ಕೆ ಹಾಲುಹಲ್ಲೆಲ್ಲ ಬಿದ್ದು ಕುದುರೆ ಬಾಯಿಗೂಡುತ್ತದೆ. ಆಮೇಲೆ ಸುಳಿ. ಹಣೆಯ ಸುಳಿ ಎಲ್ಲಿದೆ, ಎದೆಯ ಸುಳಿ ಯಾವ ಕಡೆ ತಿರುಗಿದೆ ಎಂದು ಹುಡುಕಿ, ಒಳ್ಳೆಯ ಕುದುರೆಯನ್ನೂ ಒಂದು ಸುಳಿಗಾಗಿ ಬಿಟ್ಟುಹೋಗುವವರಿದ್ದಾರೆ. ದರ ಟವಲ್ಲಿನ ಕೆಳಗೆ, ಬೆರಳಿನ ಲೆಕ್ಕದಲ್ಲಿ. ಸುತ್ತ ನಿಂತವರಿಗೆ ಇಬ್ಬರ ಮುಖವಷ್ಟೇ ಕಾಣುತ್ತದೆ. ದೊಡ್ಡ ಸಂತೆಗಳಲ್ಲಿ ಲಕ್ಷಗಟ್ಟಲೆ ದರ ಕೂಗುವುದು, ಕ್ಯಾಮೆರಾ ಮುತ್ತುವುದು ಎತ್ತರದ ಮಾರವಾಡಿಗೆ, ಹಲಗೆಗೆ ಕುಣಿಯುವ ಕುದುರೆಗೆ. ತಟ್ಟು ಅಂಚಿನಲ್ಲಿ ಕೈಬದಲಾಗುತ್ತದೆ.

ಗಡಿಯ ಕುದುರೆಗೆ ಗೌರವವೇ ಇಲ್ಲ ಎಂದಲ್ಲ. ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಆಷಾಢದ ವಾರಿಯಲ್ಲಿ ಆಳಂದಿಯ ಜ್ಞಾನೇಶ್ವರ ಪಾಲಕಿಯ ಜೊತೆ ನಡೆಯುವ ಎರಡು ಕುದುರೆಗಳು ಹೋಗುವುದು ಕರ್ನಾಟಕದಿಂದ, ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಸರದಾರರ ವಾಡೆಯಿಂದ. ಹತ್ತು–ಹನ್ನೆರಡು ದಿನ ನಡೆದು ಆಳಂದಿ ಮುಟ್ಟುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದರ ಮೇಲೆ ಮಾವುಲಿಯೇ, ಅಂದರೆ ಜ್ಞಾನೇಶ್ವರರೇ, ಕೂತಿದ್ದಾರೆಂಬ ನಂಬಿಕೆ. ರಿಂಗಣವೆಂಬ ಸುತ್ತೋಟದಲ್ಲಿ ಅವು ಓಡಿದ ಮೇಲೆ ಗೊರಸಿನ ಧೂಳಿಗೆ ಜನ ಮುಗಿಬೀಳುತ್ತಾರೆ. ಖಾಲಿ ಬೆನ್ನಿನ ಕುದುರೆಗೆ ಸಲ್ಲುವ ಈ ಭಕ್ತಿಯಲ್ಲಿ ಸ್ವಲ್ಪ ಪಾಲು ಹೇರು ಹೊತ್ತದ್ದಕ್ಕೂ ಸಿಗಬಾರದೇ ಎಂದು ಒಮ್ಮೊಮ್ಮೆ ಅನಿಸುತ್ತದೆ.

2012ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ–ತಟ್ಟುಗಳು 6.25 ಲಕ್ಷ, 2019ರಲ್ಲಿ 3.4 ಲಕ್ಷ. ಏಳೇ ವರ್ಷದಲ್ಲಿ ಅರ್ಧದ ಹತ್ತಿರ ಹೋಯಿತು. ಜತ್ತ ಸೀಮೆಯಲ್ಲೂ ಕಾರಣ ಕಣ್ಣೆದುರೇ ಇದೆ. ಬಿಡಾರ ಸಾಗಿಸಲು ಟೆಂಪೊ ಬಂದಿದೆ, ಕುರಿ ಎಣಿಸಲು ಬೈಕಿನಲ್ಲಿ ಹೋಗಿ ಬರಬಹುದು. ಗಾಯರಾಣ (ಗೋಮಾಳ) ಕರಗಿದೆ. ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಹಿಂಡಿನ ಹಿಂದೆ ಎಂಟು ತಿಂಗಳು ತಿರುಗುವ ಸೊಸೆ ಸಿಗುವುದು ಕಷ್ಟ. ಬರ ಬಿದ್ದಾಗ ತೆರೆಯುವ ಮೇವಿನ ಶಿಬಿರದ ಲೆಕ್ಕ ದೊಡ್ಡ ದನ, ಸಣ್ಣ ದನ ಎಂದು. ಊರು ಬಿಟ್ಟ ಕುದುರೆ ಆ ಲೆಕ್ಕದಿಂದ ಹೊರಗೆ. 2022ರಲ್ಲಿ ಜತ್ತದ ಹಳ್ಳಿಗಳ ನೀರಿನ ಗೋಳು, ಕರ್ನಾಟಕಕ್ಕೆ ಸೇರುವ ಮಾತು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಆ ಗದ್ದಲದಲ್ಲಿ ಕುರಿ–ಕುದುರೆಯ ಬಾಯಾರಿಕೆಯ ಮಾತು ನನಗೆ ಕಾಣಲಿಲ್ಲ.

ತಳಿ ನೋಂದಣಿಯನ್ನು ನಾನು ಸ್ವಾಗತಿಸುತ್ತೇನೆ, ಆದರೆ ಅದರ ಬೆನ್ನಿಗೇ ಬರುವ ಪ್ರದರ್ಶನ, ಓಟ, ಹವ್ಯಾಸಿ ಸವಾರರ ಉತ್ಸಾಹವನ್ನು ಅಷ್ಟಾಗಿ ನಂಬುವುದಿಲ್ಲ. ಹವ್ಯಾಸಿ ಎತ್ತರ ಕೇಳುತ್ತಾನೆ, ಚೆಲುವು ಕೇಳುತ್ತಾನೆ. ನಾಲ್ಕು ತಲೆಮಾರಿನಲ್ಲಿ ಭೀಮಥಡಿಯ ಹೆಸರಿರುತ್ತದೆ, ಗೊರಸಿನ ಗಟ್ಟಿತನ ಹೋಗಿರುತ್ತದೆ. ಈ ಕುದುರೆ ಉಳಿಯಬೇಕಾದರೆ ಕುರಿ ನಡೆಯಬೇಕು, ಕುರಿ ನಡೆಯಲು ದಾರಿ ಮತ್ತು ಗಾಯರಾಣ ಉಳಿಯಬೇಕು. ನೋಂದಣಿಯ ಕಾಗದದಲ್ಲಿ ರಾಜ್ಯ ಮಹಾರಾಷ್ಟ್ರ ಎಂದಿದೆ. ಇಂಡಿ, ಅಥಣಿ ಕಡೆಯ ಕುರುಬರ ತಟ್ಟುಗಳೂ ಇದೇ ದಾರಿ, ಇದೇ ಹುಲ್ಲು ತುಳಿದವು. ಕರ್ನಾಟಕದ ಪಶುಸಂಗೋಪನಾ ಇಲಾಖೆ ಅವನ್ನೂ ಅಳೆದು ನೋಡಬೇಕು. 2024ರ ಅಕ್ಟೋಬರಿನಲ್ಲಿ ಶುರುವಾದ 21ನೇ ಜಾನುವಾರು ಗಣತಿ ಅಲೆಮಾರಿ ಪಶುಪಾಲಕರ ಪ್ರಾಣಿಗಳನ್ನು ಮೊದಲ ಬಾರಿಗೆ ಬೇರೆಯಾಗಿ ಲೆಕ್ಕಕ್ಕೆ ತಂದಿದೆ. ಇದು ಒಳ್ಳೆಯ ಆರಂಭ. ಇನ್ನು ಲಸಿಕೆಯ ಗಾಡಿಯೂ ಬಿಡಾರದ ಬಳಿಗೇ ಹೋಗಬೇಕು. ಹೇರು ಕಟ್ಟುವ ಹೆಂಗಸರನ್ನು ತರಬೇತಿಗೆ ಕರೆಯುವ ಬದಲು ಅವರಿಂದ ಒಂದಿಷ್ಟು ಕಲಿತುಬರಬೇಕು.

ಓದುಗರಿಗೆ ಒಂದು ಕೋರಿಕೆ. ದೀಪಾವಳಿ ಕಳೆದ ಮೇಲೆ ಜತ್ತ–ಅಥಣಿ, ವಿಜಯಪುರ–ಪಂಢರಪುರ ರಸ್ತೆಗಳಲ್ಲಿ ಹೇರು ಹೊತ್ತ ಕುದುರೆಗಳ ಸಾಲು ಎದುರಾದರೆ ಹಾರ್ನ್ ಹೊಡೆಯಬೇಡಿ, ವೇಗ ಇಳಿಸಿ. ಹಿಂದೆ ಬರುವ ಮರಿಗೆ ಹಗ್ಗ ಇರುವುದಿಲ್ಲ, ತಾಯಿಯ ಹೇರಿನ ಮೇಲೆ ಕೂಸು ಇರಬಹುದು.