ಹಳೇ ಪ್ಲೇಸ್ಟೇಷನ್ ತಗೊಳ್ಳೋದಾ, ಹೊಸದಕ್ಕೆ ದುಡ್ಡು ಕೂಡಿಡೋದಾ?

ಮೊನ್ನೆ ಕುಂಕಳ್ಳಿಯ ನನ್ನ ಅಂಗಡಿಗೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ ಮಾಡುವ ಬಾಗಲಕೋಟೆ ಕಡೆಯವರೊಬ್ಬರು ಬಂದಿದ್ರು. ಮಗ ಹತ್ತನೇ ಕ್ಲಾಸ್ ಪಾಸಾಗಿದ್ದಾನೆ, ಅವನಿಗೆ ಗೇಮ್ ಮೆಷಿನ್ ಬೇಕಂತೆ. ನನ್ನ ಹತ್ರ ಸೆಕೆಂಡ್ ಹ್ಯಾಂಡ್ ಪಿಎಸ್4 ಒಂದಿತ್ತು, ಹದಿನಾಲ್ಕು ಸಾವಿರ ಹೇಳಿದೆ. "ಅಣ್ಣಾ, ಇದು ಇನ್ನ ಎಷ್ಟ್ ವರ್ಷ ನಡೀತೈತ್ರಿ?" ಅಂತ ಕೇಳಿದ್ರು. ಅವರಿಗದು ತಿಂಗಳ ಸಂಬಳ. ಬಾಯಿಗೆ ಬಂದದ್ದು ಹೇಳೋ ಹಾಗಿಲ್ಲ.

ನಮ್ಮ ಊರ ಕಡೆ ಗಲ್ಫಿಂದ ಬರುವವರ ಪೆಟ್ಟಿಗೆಯಲ್ಲಿ ಟಿವಿ ಗೇಮ್ ಬರ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಾಳಾಗುವವರೆಗೆ ಆಡೋದು, ಅಷ್ಟೇ. ಈಗ ಮೆಷಿನ್ ಸರಿ ಇದ್ರೂ ಹೊಸ ಗೇಮ್ ಬರೋದು ನಿಂತರೆ ಅದು ಸತ್ತ ಹಾಗೆ.

ಸೋನಿಯ ಲೆಕ್ಕ ನೋಡಿ. ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದದ್ದು 1994ರಲ್ಲಿ, ಎರಡನೆಯದು 2000ದಲ್ಲಿ, ಮೂರನೆಯದು 2006ರಲ್ಲಿ, ನಾಲ್ಕು 2013ರಲ್ಲಿ, ಐದು 2020ರಲ್ಲಿ. ಐದು ವರ್ಷದ ಅಂತರ ಬೆಳೆದು ಏಳಾಗಿದೆ. ನಿಂಟೆಂಡೋ ಸ್ವಿಚ್‌ಗಂತೂ 2017ರಿಂದ 2025ರವರೆಗೆ ಎಂಟು ವರ್ಷ. ಆದರೆ ಹೊಸದು ಬಂದ ದಿನ ಹಳೇದು ಸಾಯೋದಿಲ್ಲ ಮಾರಾಯ್ರೆ. ಪಿಎಸ್3 ಬಂದ ಮೇಲೂ ಪಿಎಸ್2 ಓಡ್ತಾ ಇತ್ತು. 2009ರಲ್ಲಿ ಹೈದರಾಬಾದಿನ ಕಂಪೆನಿಯೊಂದು ಹನುಮಾನ್ ಗೇಮ್ ಮಾಡಿದ್ದು ಅದಕ್ಕೇ. 2013ರಲ್ಲಿ ಬಂದ ಫಿಫಾ 14 ಫುಟ್ಬಾಲ್ ಗೇಮ್ ಕೂಡ ಪಿಎಸ್2ಗೆ ಸಿಕ್ಕಿತ್ತು!

ಅಂತರ ಯಾಕೆ ಬೆಳೀತು? ದೊಡ್ಡ ಗೇಮ್ ಒಂದು ತಯಾರಾಗಲಿಕ್ಕೇ ಈಗ ಐದಾರು ವರ್ಷ ಬೇಕು. ಜಿಟಿಎ 5 ಅನ್ನೋ ಒಂದೇ ಗೇಮನ್ನು ಪಿಎಸ್3, ಪಿಎಸ್4, ಪಿಎಸ್5 ಮೂರಕ್ಕೂ ಮಾರಿದ್ರು. ಕಂಪೆನಿಗೆ ಮೆಷಿನ್ನಿನಲ್ಲಿ ಲಾಭ ಕಡಿಮೆ, ಕೆಲವೊಮ್ಮೆ ನಷ್ಟ. ದುಡ್ಡು ಬರೋದು ಗೇಮಿನಲ್ಲಿ. ಹಾಗಾಗಿ ಕೋಟಿಗಟ್ಟಲೆ ಮನೆಯಲ್ಲಿರುವ ಹಳೇ ಗಿರಾಕಿಯನ್ನು ಅವರು ಬೇಗ ಬಿಡೋದಿಲ್ಲ.

ಬಿಕಾಂನಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40ರಷ್ಟು ಸವಕಳಿ ಅಂತ ಕಲಿತಿದ್ದೆ. ಆ ಲೆಕ್ಕದಲ್ಲಿ 2014ರಲ್ಲಿ ಇಲ್ಲಿ 39,990 ರೂಪಾಯಿ ಇದ್ದ ಪಿಎಸ್4 ಏಳು ವರ್ಷಕ್ಕೆ ಸಾವಿರದ ನೂರು ಚಿಲ್ಲರೆಗೆ ಇಳೀಬೇಕು. ಇಳಿದಿಲ್ಲ. ಯಾಕಂದ್ರೆ ಹೊಸದರ ಬೆಲೆ ಏರಿದೆ. ಮೊದಲೆಲ್ಲ ಚಿಪ್ ಸಣ್ಣದಾದ ಹಾಗೆ ಮೆಷಿನ್ ಅಗ್ಗ ಆಗ್ತಿತ್ತು. ಪಿಎಸ್5 ಮಾತ್ರ 2021ರಲ್ಲಿ 49,990 ಇದ್ದದ್ದು ಮರುವರ್ಷ 54,990 ಆಯ್ತು. ಕಾದರೆ ಅಗ್ಗ ಆಗ್ತದೆ ಅನ್ನೋ ಹಳೇ ಬುದ್ಧಿ ಈಗ ನಡೆಯೋದಿಲ್ಲ.

ನನಗೂ ಪೆಟ್ಟು ಬಿದ್ದದ್ದುಂಟು. ಮಡಗಾಂವಿಂದ ಅಗ್ಗಕ್ಕೆ ಸಿಕ್ತು ಅಂತ ಒಂದು ಚೀಲ ಪಿಎಸ್3 ಡಿಸ್ಕ್ ತಂದೆ. ಪಿಎಸ್4ಗೆ ಅದು ಹಾಕಿದ್ರೆ ಓಡೋದಿಲ್ಲ. ಇನ್ನೂ ಅಟ್ಟದಲ್ಲಿದೆ. ಪಿಎಸ್4 ಡಿಸ್ಕ್‌ಗಳು ಹೆಚ್ಚಿನವು ಪಿಎಸ್5ನಲ್ಲೂ ಓಡ್ತವೆ, ಡಿಸ್ಕ್ ಹಾಕುವ ಜಾಗ ಇರುವ ಮಾಡೆಲ್ ಆಗಿದ್ರೆ ಮಾತ್ರ. ಡಿಜಿಟಲ್ ಮಾಡೆಲ್ ಅಗ್ಗ, ಆದರೆ ಅದರಲ್ಲಿ ತಗೊಂಡ ಗೇಮನ್ನು ಮಾರಲಿಕ್ಕೂ ಆಗೋದಿಲ್ಲ, ಬದಲಿಸಲಿಕ್ಕೂ ಆಗೋದಿಲ್ಲ.

ನನ್ನನ್ನು ಕೇಳಿದ್ರೆ ಹೊಸ ಮೆಷಿನ್ ಎಂಟು ವರ್ಷಕ್ಕೊಮ್ಮೆ ಬಂದರೆ ಸಾಕು, ಹಳೇದಕ್ಕೆ ಹನ್ನೆರಡು ವರ್ಷವಾದರೂ ಗೇಮ್ ಕೊಡ್ಲಿ.

ಆ ಗಿರಾಕಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ: "2025ರ ಫುಟ್ಬಾಲ್ ಗೇಮೂ ಇದಕ್ಕೆ ಬಂದಿದೆ. ಮುಂದೆ ಬರ್ತದೆ ಅಂತ ಗ್ಯಾರಂಟಿ ಕೊಡಲಿಕ್ಕೆ ನನ್ನಿಂದಾಗೋದಿಲ್ಲ. ಇರೋ ಗೇಮ್ ಆಡ್ಲಿಕ್ಕೆ ಸಾಕು ಅಂದ್ರೆ ತಗೊಳ್ಳಿ. ಡಿಸ್ಕೇ ತಗೊಳ್ಳಿ, ನಾಳೆ ಪಿಎಸ್5 ತಂದ್ರೂ ವೇಸ್ಟ್ ಆಗೋದಿಲ್ಲ." ಒಂದು ಸಾವಿರ ಕಡಿಮೆ ಮಾಡಿದೆ. ಪಗಾರದ ದಿನ ಮಗನನ್ನೇ ಕರ್ಕೊಂಡು ಬರ್ತೀನಿ ಅಂದಿದ್ದಾರೆ.