ಮಾರುತಿ ಓಮ್ನಿ ಎಂಜಿನ್ನಿನ ದೋಷಪತ್ತೆ

ಮಾರುತಿ ಓಮ್ನಿ ಎಂಜಿನ್ನಿನ ದೋಷಪತ್ತೆ ಎಂದರೆ, ಕಾರ್ಬ್ಯುರೇಟರ್ ಹೊಂದಿದ ಹಳೆಯ ಓಮ್ನಿ ವ್ಯಾನು ಸುಲಭವಾಗಿ ಚಾಲನೆಗೊಳ್ಳದಿರುವುದಕ್ಕೆ ಅಥವಾ ಚಾಲನೆಗೊಂಡ ಮೇಲೆ ಅದುರುತ್ತ, ತಡವರಿಸುತ್ತ ಓಡುವುದಕ್ಕೆ ಕಾರಣವಾದ ದೋಷವನ್ನು ಕ್ರಮಬದ್ಧ ಪರೀಕ್ಷೆಗಳಿಂದ ಗುರುತಿಸುವ ವಿಧಾನ. ದುರಸ್ತಿಗಾರರ ಆಡುಮಾತಿನಲ್ಲಿ ಮೊದಲನೆಯ ತೊಂದರೆಯನ್ನು 'ಸ್ಟಾರ್ಟಿಂಗ್ ಟ್ರಬಲ್' ಎಂದೂ ಎರಡನೆಯದನ್ನು 'ಮಿಸ್ಸಿಂಗ್' ಎಂದೂ ಕರೆಯುತ್ತಾರೆ. ಈ ಎರಡೂ ರೋಗಗಳಲ್ಲ, ರೋಗಲಕ್ಷಣಗಳು. ಒಂದೇ ಲಕ್ಷಣಕ್ಕೆ ಹತ್ತಾರು ಕಾರಣಗಳಿರಬಹುದಾದ್ದರಿಂದ, ಪರೀಕ್ಷಿಸದೆ ಒಂದೊಂದೇ ಬಿಡಿಭಾಗವನ್ನು ಬದಲಾಯಿಸುತ್ತ ಹೋದರೆ ಹಣ ವ್ಯರ್ಥವಾಗುತ್ತದೆ, ಮೂಲ ದೋಷ ಹಾಗೆಯೇ ಉಳಿಯುತ್ತದೆ.

ವಾಹನದ ಹಿನ್ನೆಲೆ

ಜಪಾನಿನ ಸುಜುಕಿ ಕ್ಯಾರಿ ವಾಹನವನ್ನು ಆಧರಿಸಿದ ಈ ವ್ಯಾನು 1984ರಲ್ಲಿ 'ಮಾರುತಿ ವ್ಯಾನ್' ಎಂಬ ಹೆಸರಿನಿಂದ ಭಾರತದ ಮಾರುಕಟ್ಟೆಗೆ ಬಂದಿತು. ಮುಂದೆ 'ಓಮ್ನಿ' ಎಂಬ ಹೆಸರು ಪಡೆಯಿತು. 2019ರಲ್ಲಿ ಇದರ ತಯಾರಿಕೆ ನಿಂತಿತು. ಶಾಲಾ ಮಕ್ಕಳನ್ನು ಕರೆದೊಯ್ಯಲು, ಆಂಬುಲೆನ್ಸ್ ಆಗಿ, ಸಣ್ಣ ವ್ಯಾಪಾರಿಗಳ ಸರಕು ಸಾಗಿಸಲು ಇದು ವ್ಯಾಪಕವಾಗಿ ಬಳಕೆಯಾಗಿದೆ. ಆದ್ದರಿಂದ ಇದು ಬೆಳಿಗ್ಗೆ ಚಾಲನೆಗೊಳ್ಳದಿರುವುದು ಅನೇಕರಿಗೆ ಅಂದಿನ ದುಡಿಮೆಯ ಪ್ರಶ್ನೆಯೇ ಆಗಿರುತ್ತದೆ.

ಓಮ್ನಿಯಲ್ಲಿರುವುದು ಎಫ್8ಬಿ ಎಂಬ 796 ಸಿ.ಸಿ. ಸಾಮರ್ಥ್ಯದ, ಮೂರು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಇದೇ ಎಂಜಿನ್ ಮಾರುತಿ 800 ಕಾರಿನಲ್ಲಿಯೂ ಇತ್ತು. ವ್ಯಾನಿನಲ್ಲಿ ಎಂಜಿನ್ನು ಮುಂದಿನ ಆಸನಗಳ ಕೆಳಗಿದ್ದು, ಹಿಂದಿನ ಚಕ್ರಗಳಿಗೆ ಶಕ್ತಿ ಒದಗಿಸುತ್ತದೆ. ಹಳೆಯ ಮಾದರಿಗಳಲ್ಲಿ ಕಾರ್ಬ್ಯುರೇಟರ್ ಹಾಗೂ ಡಿಸ್ಟ್ರಿಬ್ಯೂಟರ್ ಇದ್ದವು. ನಂತರದ ಮಾದರಿಗಳು ಎಂ.ಪಿ.ಎಫ್.ಐ. ವ್ಯವಸ್ಥೆಯನ್ನು ಪಡೆದವು. ಈ ಲೇಖನವು ಮುಖ್ಯವಾಗಿ ಹಳೆಯ ಮಾದರಿಗಳಿಗೆ ಸಂಬಂಧಿಸಿದ್ದು.

ತತ್ತ್ವ

ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಹೀರುವಿಕೆ, ಒತ್ತುವಿಕೆ, ಶಕ್ತಿ ಮತ್ತು ಹೊರದೂಡುವಿಕೆ ಎಂಬ ನಾಲ್ಕು ಹಂತಗಳು ಕ್ರ್ಯಾಂಕ್ ದಂಡದ ಎರಡು ಸುತ್ತುಗಳಲ್ಲಿ, ಅಂದರೆ 720 ಡಿಗ್ರಿಗಳಲ್ಲಿ ಮುಗಿಯುತ್ತವೆ. ಮೂರು ಸಿಲಿಂಡರುಗಳಿರುವಲ್ಲಿ ಪ್ರತಿ 240 ಡಿಗ್ರಿಗೆ ಒಂದು ಶಕ್ತಿಯ ಹೊಡೆತ ದೊರೆಯುತ್ತದೆ. ಒಂದು ಸಿಲಿಂಡರಿನಲ್ಲಿ ದಹನ ನಡೆಯದಿದ್ದರೆ ಆ ಅಂತರ 480 ಡಿಗ್ರಿಗೆ ಏರುತ್ತದೆ ಮತ್ತು ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಇಲ್ಲವಾಗುತ್ತದೆ. ನಾಲ್ಕು ಸಿಲಿಂಡರುಗಳ ಎಂಜಿನ್ನಿಗಿಂತ ಇದರಲ್ಲಿ ಒಂದೇ ಸಿಲಿಂಡರಿನ ವೈಫಲ್ಯವೂ ಹೆಚ್ಚು ಅದುರುವಿಕೆಯನ್ನು ಉಂಟುಮಾಡಲು ಇದೇ ಕಾರಣ.

ಸರಿಯಾದ ದಹನಕ್ಕೆ ಮೂರು ಅಗತ್ಯಗಳಿವೆ: ಸಕಾಲದಲ್ಲಿ ಬಲವಾದ ಕಿಡಿ, ಹದವಾದ ಇಂಧನ–ಗಾಳಿಯ ಮಿಶ್ರಣ ಮತ್ತು ಸಾಕಷ್ಟು ಒತ್ತಡ. ಪೆಟ್ರೋಲಿನ ಸಂಪೂರ್ಣ ದಹನಕ್ಕೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್ನು ತಣ್ಣಗಿರುವಾಗ ಪೆಟ್ರೋಲು ಸುಲಭವಾಗಿ ಆವಿಯಾಗದ ಕಾರಣ ಹೆಚ್ಚು ಇಂಧನ ಬೇಕಾಗುತ್ತದೆ. ಗಾಳಿಯನ್ನು ತಡೆದು ಮಿಶ್ರಣವನ್ನು ಗಾಢಗೊಳಿಸುವ ಚೋಕ್ ಇರುವುದು ಈ ಕಾರಣಕ್ಕಾಗಿಯೇ.

ಸುರಕ್ಷತೆ

ಎಂಜಿನ್ನು ಆಸನದ ಕೆಳಗಿರುವುದರಿಂದ ಪೆಟ್ರೋಲ್ ಸೋರಿಕೆಯು ಈ ವ್ಯಾನಿನಲ್ಲಿ ವಿಶೇಷ ಅಪಾಯಕಾರಿ. ಆಸನವನ್ನು ಎತ್ತಿದಾಗ ಪೆಟ್ರೋಲಿನ ವಾಸನೆ ಬಂದರೆ ಬೇರೆ ಯಾವ ಪರೀಕ್ಷೆಗೂ ಮೊದಲು ಸೋರಿಕೆಯನ್ನು ಹುಡುಕಿ ಸರಿಪಡಿಸಬೇಕು. ಅಲ್ಲಿಯವರೆಗೆ ಕಿಡಿಯ ಪರೀಕ್ಷೆ ಮಾಡಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣಾಂತಕವಾಗಬಲ್ಲದು. ಎಂಜಿನ್ನಿನ ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿ ಹರಿದಿದ್ದರೆ ಅಥವಾ ಸೈಲೆನ್ಸರಿನ ಕೊಳವೆ ತೂತಾಗಿದ್ದರೆ ಈ ಅನಿಲ ಪ್ರಯಾಣಿಕರಿರುವ ಜಾಗಕ್ಕೂ ಸೇರಬಹುದು.

ಪರೀಕ್ಷೆಯ ಕ್ರಮ

ಸುಲಭವಾದುದನ್ನು ಮೊದಲು, ಕಷ್ಟವಾದುದನ್ನು ಕೊನೆಗೆ ಪರೀಕ್ಷಿಸುವುದು ಸಾಮಾನ್ಯ ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ಬರೆದಿಟ್ಟುಕೊಳ್ಳಬೇಕು. ಎರಡು ಭಾಗಗಳನ್ನು ಒಟ್ಟಿಗೆ ಬದಲಾಯಿಸಿದರೆ ದೋಷ ಯಾವುದರಲ್ಲಿತ್ತು ಎಂಬುದು ತಿಳಿಯುವುದಿಲ್ಲ.

1. ಬ್ಯಾಟರಿ ಮತ್ತು ಸ್ಟಾರ್ಟರ್

ಪೂರ್ಣವಾಗಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಇದು ಸುಮಾರು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯ ಬಗ್ಗೆ ಸಂಶಯಪಡಬೇಕು. ಮೀಟರ್ ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಬಹುದು. ದೀಪ ಆರಿಹೋಗುವಷ್ಟು ಮಂಕಾದರೆ ಬ್ಯಾಟರಿ ದುರ್ಬಲವಾಗಿದೆ ಅಥವಾ ಅದರ ಟರ್ಮಿನಲ್ಲುಗಳು ಕಿಲುಬು ಹಿಡಿದಿವೆ. ದೀಪ ಪ್ರಕಾಶಮಾನವಾಗಿಯೇ ಇದ್ದು ಎಂಜಿನ್ನು ತಿರುಗದಿದ್ದರೆ ದೋಷ ಸ್ಟಾರ್ಟರಿನಲ್ಲೋ ಅದರ ತಂತಿಗಳಲ್ಲೋ ಇರುತ್ತದೆ. ಎಂಜಿನ್ನು ನಿಧಾನವಾಗಿ ತಿರುಗಿದರೆ ಸ್ಟಾರ್ಟರೇ ಹೆಚ್ಚಿನ ವಿದ್ಯುತ್ತನ್ನು ಬಳಸಿಕೊಳ್ಳುತ್ತದೆ ಮತ್ತು ಕಿಡಿಯೂ ದುರ್ಬಲವಾಗುತ್ತದೆ. ಹೀಗಾಗಿ ಬ್ಯಾಟರಿಯ ದೋಷವನ್ನು ಇಂಧನದ ದೋಷವೆಂದು ತಪ್ಪಾಗಿ ಭಾವಿಸುವ ಸಾಧ್ಯತೆ ಇರುತ್ತದೆ.

2. ಸ್ಪಾರ್ಕ್ ಪ್ಲಗ್ ಮತ್ತು ಕಿಡಿ

ಮೂರೂ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲಿಯೇ ಜೋಡಿಸಿಟ್ಟು ನೋಡಬೇಕು. ಪ್ಲಗ್ಗಿನ ಬಣ್ಣವು ಸಿಲಿಂಡರಿನ ಒಳಗೆ ನಡೆಯುತ್ತಿರುವ ದಹನವನ್ನು ಸೂಚಿಸುತ್ತದೆ.

- ತಿಳಿ ಕಂದು ಬಣ್ಣ: ದಹನ ಸರಿಯಾಗಿದೆ.
- ಒಣಗಿದ ಕಪ್ಪು ಮಸಿ: ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿದೆ, ಚೋಕ್ ಸಿಕ್ಕಿಕೊಂಡಿರಬಹುದು ಅಥವಾ ಏರ್ ಫಿಲ್ಟರ್ ಕಟ್ಟಿರಬಹುದು.
- ಪೆಟ್ರೋಲಿನಿಂದ ಒದ್ದೆ: ಇಂಧನ ಬಂದಿದೆ, ಆದರೆ ದಹನವಾಗಿಲ್ಲ.
- ಜಿಡ್ಡಾದ ಎಣ್ಣೆ: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ.
- ಬಿಳಿಚಿಕೊಂಡು ಗುಳ್ಳೆ ಎದ್ದಿರುವುದು: ಅತಿಯಾದ ಶಾಖ ಅಥವಾ ಪೆಟ್ರೋಲು ಕಡಿಮೆಯಾದ ಮಿಶ್ರಣ.

ಮೂರೂ ಪ್ಲಗ್ಗುಗಳು ಒಂದೇ ರೀತಿ ಕೆಟ್ಟಿದ್ದರೆ ದೋಷ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಭಾಗದಲ್ಲಿ, ಅಂದರೆ ಕಾರ್ಬ್ಯುರೇಟರ್, ಕಾಯಿಲ್ ಮುಂತಾದುವುಗಳಲ್ಲಿ ಇರುತ್ತದೆ. ಒಂದೇ ಪ್ಲಗ್ ಕೆಟ್ಟಿದ್ದರೆ ಆ ಸಿಲಿಂಡರನ್ನು ಮಾತ್ರ ಹುಡುಕಬೇಕು.

ಕಿಡಿಯನ್ನು ನೋಡಲು ಸ್ಪಾರ್ಕ್ ಟೆಸ್ಟರ್ ಬಳಸುವುದು ಸುರಕ್ಷಿತ. ದಟ್ಟವಾದ ನೀಲಿ ಕಿಡಿ ಒಳ್ಳೆಯದು. ತೆಳುವಾದ ಹಳದಿ ಕಿಡಿ ದುರ್ಬಲವಾದುದು. ಮೂರು ಪ್ಲಗ್ಗುಗಳಿಗೂ ಕಿಡಿ ಇಲ್ಲದಿದ್ದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮತ್ತು ರೋಟರುಗಳನ್ನು ನೋಡಬೇಕು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಸೇರಿದರೆ ಕಿಡಿಯ ವಿದ್ಯುತ್ತು ದಾರಿ ತಪ್ಪಿ ಹರಿಯುತ್ತದೆ. ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸಿದಾಗ ಎಂಜಿನ್ನು ಚಾಲನೆಗೊಂಡರೆ ಕಾರಣ ತಿಳಿದಂತಾಯಿತು. ಆದರೆ ಮುಚ್ಚಳದಲ್ಲಿ ಸೀಳು ಇದ್ದರೆ ಅದನ್ನು ಬದಲಾಯಿಸಲೇಬೇಕು. ಪ್ಲಗ್ಗಿನ ತಂತಿಗಳನ್ನು ಮರಳಿ ಹಾಕುವಾಗ 1–3–2 ಎಂಬ ದಹನಕ್ರಮವನ್ನು ಪಾಲಿಸಬೇಕು.

3. ಇಂಧನ

ಕಿಡಿ ಸರಿಯಿದ್ದು ಪ್ಲಗ್ಗುಗಳು ಒಣಗಿದ್ದರೆ ಪೆಟ್ರೋಲು ಸಿಲಿಂಡರನ್ನು ತಲುಪುತ್ತಿಲ್ಲವೆಂದು ಅರ್ಥ. ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ, ಫಿಲ್ಟರಿನಲ್ಲಿ ಕಸ ಅಥವಾ ನೀರು ನಿಂತಿದೆಯೇ, ಪಂಪು ಪೆಟ್ರೋಲನ್ನು ಎತ್ತುತ್ತಿದೆಯೇ, ಕಾರ್ಬ್ಯುರೇಟರಿನ ಜೆಟ್ ಕಟ್ಟಿದೆಯೇ ಎಂದು ಟ್ಯಾಂಕಿನಿಂದ ಎಂಜಿನ್ನಿನ ಕಡೆಗೆ ಕ್ರಮವಾಗಿ ನೋಡುತ್ತ ಬರಬೇಕು. ಬಹುದಿನ ನಿಂತ ವಾಹನದಲ್ಲಿ ಪೆಟ್ರೋಲು ಆವಿಯಾಗಿ ಉಳಿದ ಅಂಟು ಜೆಟ್ಟಿನ ಸೂಕ್ಷ್ಮ ರಂಧ್ರವನ್ನು ಮುಚ್ಚುತ್ತದೆ.

ಎಥನಾಲ್ ಬೆರೆತ ಪೆಟ್ರೋಲಿನ ಬಳಕೆಯಿಂದ ಹಳೆಯ ವಾಹನಗಳಿಗೆ ಇನ್ನೊಂದು ಅಂಶವೂ ಸೇರಿಕೊಂಡಿದೆ. ಶೇಕಡ 20ರಷ್ಟು ಎಥನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ ಮತ್ತು ಹಳೆಯ ರಬ್ಬರ್ ಕೊಳವೆಗಳನ್ನು ಬೇಗ ಹಾಳುಮಾಡಬಲ್ಲದು. ಎಥನಾಲಿನ ದಹನಕ್ಕೆ ಕಡಿಮೆ ಗಾಳಿ ಸಾಕಾಗುವುದರಿಂದ, ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಆದ್ದರಿಂದ ಕೊಳವೆಗಳನ್ನು ಆಗಾಗ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಾಯಿಸುವುದು ಅಗತ್ಯ.

4. ಗಾಳಿಯ ಸೋರಿಕೆ

ಕಾರ್ಬ್ಯುರೇಟರಿನ ತಳದ ಗ್ಯಾಸ್ಕೆಟ್ ಅಥವಾ ನಿರ್ವಾತದ ಕೊಳವೆ ಹಾಳಾದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ನು ಅದುರಿ, ರೇಸ್ ಮಾಡಿದಾಗ ಸರಿಯಾಗುವುದು ಇದರ ಮುಖ್ಯ ಕುರುಹು. ವೇಗ ಹೆಚ್ಚಿದಂತೆ ಒಟ್ಟು ಗಾಳಿಯಲ್ಲಿ ಸೋರಿಕೆಯ ಪಾಲು ಅತ್ಯಲ್ಪವಾಗುವುದೇ ಅದಕ್ಕೆ ಕಾರಣ. ಕೊಳವೆಗಳನ್ನು ಒಂದೊಂದಾಗಿ ಅದುಮಿ ಹಿಡಿದಾಗ ಎಂಜಿನ್ನಿನ ಓಟ ಸುಧಾರಿಸಿದರೆ ಆ ಕೊಳವೆಯ ಕಡೆ ಸೋರಿಕೆ ಇದೆ.

5. ಸಿಲಿಂಡರಿನ ಒತ್ತಡ

ಮೇಲಿನ ಎಲ್ಲವೂ ಸರಿಯಿದ್ದರೆ ಮಾತ್ರ ಎಂಜಿನ್ನಿನ ಒಳಭಾಗವನ್ನು ಸಂಶಯಿಸಬೇಕು. ಬೆಚ್ಚಗಿರುವ ಎಂಜಿನ್ನಿನ ಮೂರೂ ಪ್ಲಗ್ಗುಗಳನ್ನು ತೆಗೆದು, ಕಾಯಿಲಿನ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೆದು ಒತ್ತಡಮಾಪಕದಿಂದ ಅಳೆಯಬೇಕು. ಒಂದು ಸಿಲಿಂಡರಿನಲ್ಲಿ ಒತ್ತಡ ಕಡಿಮೆ ಇದ್ದರೆ ಅದರೊಳಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಆಗ ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ದೋಷಯುಕ್ತವಾಗಿದೆ. ಪಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡ ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು. ಮೂರರಲ್ಲಿಯೂ ಸಮಾನವಾಗಿ ಕಡಿಮೆ ಇದ್ದರೆ ಟೈಮಿಂಗ್ ಬೆಲ್ಟ್ ಹಲ್ಲು ಜಾರಿದೆಯೇ ಎಂದು ನೋಡಬೇಕು. ವಾಲ್ವುಗಳ ಟ್ಯಾಪೆಟ್ ಅಂತರ ತೀರ ಬಿಗಿಯಾಗಿದ್ದರೂ ವಾಲ್ವು ಪೂರ್ಣ ಮುಚ್ಚದೆ ಒತ್ತಡ ಸೋರುತ್ತದೆ. ಆದ್ದರಿಂದ 'ಹಾಫ್ ಎಂಜಿನ್' ಕೆಲಸಕ್ಕೆ ಒಪ್ಪುವ ಮೊದಲು ಟ್ಯಾಪೆಟ್ ಪರೀಕ್ಷೆಯನ್ನೂ ಒತ್ತಡದ ಪರೀಕ್ಷೆಯನ್ನೂ ಮಾಡಿಸುವುದು ವಿವೇಕ.

ತಣ್ಣಗಿರುವಾಗ ಮತ್ತು ಬಿಸಿಯಾದಾಗ

ತೊಂದರೆ ಯಾವಾಗ ಕಾಣಿಸುತ್ತದೆ ಎಂಬುದೇ ಒಂದು ಮುಖ್ಯ ಸುಳಿವು. ಬೆಳಿಗ್ಗೆ ಮಾತ್ರ ಚಾಲನೆ ಕಷ್ಟವಾಗಿ, ಎಂಜಿನ್ನು ಬಿಸಿಯಾದ ಮೇಲೆ ಸರಿಯಾಗಿ ಓಡಿದರೆ ಚೋಕ್ ಫಲಕ ಪೂರ್ಣ ಮುಚ್ಚುತ್ತಿಲ್ಲ ಅಥವಾ ಬ್ಯಾಟರಿ ದುರ್ಬಲವಾಗಿದೆ ಎಂದು ಊಹಿಸಬಹುದು. ಓಡಿಸಿ ನಿಲ್ಲಿಸಿದ ಕೆಲವು ನಿಮಿಷಗಳ ನಂತರ ಮತ್ತೆ ಚಾಲನೆ ಕಷ್ಟವಾದರೆ, ಎಂಜಿನ್ನಿನ ಶಾಖಕ್ಕೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕುದಿದು ಉಕ್ಕಿರಬಹುದು. ಆಗ ಚೋಕ್ ಎಳೆಯದೆ, ಆಕ್ಸಿಲರೇಟರನ್ನು ಪದೇ ಪದೇ ತುಳಿಯದೆ, ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಓಡುತ್ತಿರುವಾಗಲೇ ನಿಂತು, ತಣಿದ ಮೇಲೆ ಮತ್ತೆ ಚಾಲನೆಗೊಂಡರೆ ಬಿಸಿಯಾದಾಗ ವಿಫಲವಾಗುವ ಇಗ್ನಿಷನ್ ಕಾಯಿಲನ್ನು ಪರೀಕ್ಷಿಸಬೇಕು. ನಿಂತ ಕ್ಷಣದಲ್ಲಿಯೇ ಕಿಡಿ ಇದೆಯೇ ಎಂದು ನೋಡಿದರೆ ಮಾತ್ರ ಈ ದೋಷ ಸಿಕ್ಕಿಬೀಳುತ್ತದೆ.

ನಿರ್ಲಕ್ಷ್ಯದ ಪರಿಣಾಮ

ದಹನವಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಪದರವನ್ನು ತೊಳೆದು ಆಯಿಲ್‌ನೊಂದಿಗೆ ಬೆರೆಯುತ್ತದೆ. ಇದರಿಂದ ಆಯಿಲ್ ತೆಳುವಾಗಿ ರಿಂಗ್ ಮತ್ತು ಬೇರಿಂಗುಗಳು ಬೇಗ ಸವೆಯುತ್ತವೆ. ಅಂದರೆ ಒಂದು ಪ್ಲಗ್ಗಿನ ದೋಷವೂ ಕಾಲಕ್ರಮದಲ್ಲಿ ಇಡೀ ಎಂಜಿನ್ನಿನ ದುರಸ್ತಿಗೆ ದಾರಿಯಾಗಬಹುದು. ಆಯಿಲ್ ಅಳೆಯುವ ಕಡ್ಡಿಯನ್ನು ತೆಗೆದಾಗ ಪೆಟ್ರೋಲಿನ ವಾಸನೆ ಬಂದರೆ, ದೋಷವನ್ನು ಸರಿಪಡಿಸಿದ ಕೂಡಲೆ ಆಯಿಲನ್ನೂ ಬದಲಾಯಿಸಬೇಕು.