ಕೈದಿಗಳೇ ಸಭಾಪಾಲಕರಾದ ಜೈಲು

ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿರುವ ಅಂಗೋಲಾ ಜೈಲಿಗೆ ಮೂರು ದಿಕ್ಕಿನಲ್ಲಿ ಮಿಸಿಸಿಪ್ಪಿ ನದಿಯೇ ಕಾವಲು. 18,000 ಎಕರೆಯಷ್ಟು ಹರಡಿಕೊಂಡಿರುವ ಈ ನೆಲ ಒಂದು ಕಾಲಕ್ಕೆ ಕಪ್ಪು ಗುಲಾಮರನ್ನು ದುಡಿಸುತ್ತಿದ್ದ ತೋಟ. ಅಂಗೋಲಾ ಎಂಬ ಹೆಸರೂ ಆ ಕಾಲದ್ದೇ. ಗುಲಾಮಗಿರಿ ರದ್ದಾದ ಮೇಲೆ ಗುತ್ತಿಗೆದಾರನೊಬ್ಬ ಸರ್ಕಾರದಿಂದ ಕೈದಿಗಳನ್ನು ಗುತ್ತಿಗೆ ಹಿಡಿದು ಅದೇ ಹೊಲಗಳಲ್ಲಿ ದುಡಿಸಿದ. 1901ರಲ್ಲಿ ರಾಜ್ಯ ಸರ್ಕಾರ ಜೈಲನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತಾದರೂ ಕ್ರೌರ್ಯ ನಿಲ್ಲಲಿಲ್ಲ. ಒಳಗಿನ ಹಿಂಸೆಯನ್ನು ಹೊರಜಗತ್ತಿಗೆ ತಿಳಿಸಲು ಬೇರೆ ದಾರಿ ಕಾಣದೆ 1951ರಲ್ಲಿ ಮೂವತ್ತಕ್ಕೂ ಹೆಚ್ಚು ಕೈದಿಗಳು ತಮ್ಮ ಹಿಮ್ಮಡಿಯ ಸ್ನಾಯುರಜ್ಜುವನ್ನು ತಾವೇ ಕತ್ತರಿಸಿಕೊಂಡರು. ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ರಕ್ತ ಹರಿದ ಜೈಲು ಎಂಬ ಅಪಖ್ಯಾತಿ ಹೊತ್ತ ಆ ಅಂಗೋಲಾದಲ್ಲಿ ಇಂದು ಕೈದಿಗಳೇ ಸಭಾಪಾಲಕರಾಗಿ ನಡೆಸುವ ಹಲವು ಕ್ರೈಸ್ತ ಸಭೆಗಳಿವೆ. ಜೈಲಿನೊಳಗಿನ ಆರಾಧನೆ ಮನುಷ್ಯನಿಗೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿಯಬೇಕೆನ್ನುವವರು ಈ ಸಭೆಗಳನ್ನು ನೋಡಬೇಕು.

ಜೈಲಿಗೂ ಕ್ರೈಸ್ತ ಧರ್ಮಕ್ಕೂ ಇರುವ ನಂಟು ಆ ಧರ್ಮದ ಮೊದಲ ದಿನಗಳಷ್ಟೇ ಹಳೆಯದು. ಅಪೊಸ್ತಲ ಪೌಲ ತನ್ನ ಕೆಲವು ಪತ್ರಗಳನ್ನು ಬರೆದದ್ದು ಸೆರೆಯಲ್ಲಿದ್ದಾಗ. ಸೆರೆಯಲ್ಲಿದ್ದವನನ್ನು ನೋಡಲು ಹೋದವರು ತನ್ನನ್ನೇ ನೋಡಲು ಬಂದಂತೆ ಎಂಬ ಯೇಸುವಿನ ಬೋಧನೆ ಮತ್ತಾಯನ ಸುವಾರ್ತೆಯಲ್ಲಿದೆ. ಆ ಬೋಧನೆಯನ್ನು ನೆಚ್ಚಿಯೇ ಜೈಲು ಸುಧಾರಕಿ ಎಲಿಜಬೆತ್ ಫ್ರೈ 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನ ಹೆಂಗಸರ ವಿಭಾಗಕ್ಕೆ ಕಾಲಿಟ್ಟರು. ವಾಟರ್‌ಗೇಟ್ ಹಗರಣದಲ್ಲಿ ಜೈಲು ಸೇರಿ ಹೊರಬಂದ ಚಾರ್ಲ್ಸ್ ಕೋಲ್ಸನ್ 1976ರಲ್ಲಿ ‘ಪ್ರಿಸನ್ ಫೆಲೋಶಿಪ್’ ಸ್ಥಾಪಿಸಿದ್ದೂ ಅದೇ ಪ್ರೇರಣೆಯಿಂದ. ಈ ಪರಂಪರೆಯಲ್ಲಿ ಹೆಚ್ಚಾಗಿ ಕಾಣುವುದು ಹೊರಗಿನವರು ಒಳಗೆ ಹೋಗುವ ದೃಶ್ಯ. ಭಕ್ತರು ಬರುತ್ತಾರೆ, ಹಾಡುತ್ತಾರೆ, ಪ್ರಸಂಗ ಮಾಡುತ್ತಾರೆ, ಕ್ರಿಸ್‌ಮಸ್ಸಿಗೆ ಕೇಕು ಹಂಚಿ ಹೊರಡುತ್ತಾರೆ. ಅದರಲ್ಲಿ ಕರುಣೆಯಿದೆ, ಅದು ಬೇಕು. ಆದರೆ ಅಲ್ಲಿ ಕೈದಿ ಸದಾ ಕೈಚಾಚುವವನಾಗಿಯೇ ಉಳಿಯುತ್ತಾನೆ. ಅಂಗೋಲಾದ ಅನುಭವ ಇನ್ನೊಂದು ಮಾತು ಹೇಳುತ್ತದೆ: ಕೈದಿ ಇನ್ನೊಬ್ಬರಿಗೆ ಕೊಡುವವನಾದಾಗಲೇ ಆರಾಧನೆ ಅವನ ಬದುಕಿನ ಒಳಕ್ಕಿಳಿಯುತ್ತದೆ.

ಇದು ಶುರುವಾದದ್ದು ಒಂದು ಬಾಗಿಲು ಮುಚ್ಚಿದ್ದರಿಂದ. 1994ರ ಅಪರಾಧ ನಿಯಂತ್ರಣ ಕಾಯ್ದೆಯ ಮೂಲಕ ಅಮೆರಿಕದ ಸಂಸತ್ತು ಕೈದಿಗಳಿಗೆ ಕಾಲೇಜು ಓದಲು ಸಿಗುತ್ತಿದ್ದ ‘ಪೆಲ್’ ಅನುದಾನವನ್ನು ನಿಲ್ಲಿಸಿತು. ದೇಶದ ಜೈಲುಗಳಲ್ಲಿದ್ದ ಪದವಿ ತರಗತಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1995ರಲ್ಲಿ ಅಂಗೋಲಾದ ಮುಖ್ಯಾಧಿಕಾರಿಯಾಗಿ ಬಂದ ಬರ್ಲ್ ಕೇನ್ ಈ ಕೊರತೆ ತುಂಬಲು ನ್ಯೂ ಆರ್ಲಿಯನ್ಸ್ ಬ್ಯಾಪ್ಟಿಸ್ಟ್ ಸೆಮಿನರಿಯ ನೆರವು ಕೇಳಿದರು. ಅದೇ ವರ್ಷ ಸೆಮಿನರಿ ಜೈಲಿನೊಳಗೆ ತರಗತಿ ತೆರೆಯಿತು. ಖರ್ಚು ಹೊತ್ತದ್ದು ಸರ್ಕಾರವಲ್ಲ, ಚರ್ಚುಗಳ ಮತ್ತು ಭಕ್ತರ ದೇಣಿಗೆ. ಹೊರಗಿನ ಪಾದ್ರಿಗಳು ಓದುವ ಹಾಗೆಯೇ ಬೈಬಲ್ ಅಧ್ಯಯನ, ಪ್ರಸಂಗ ಕಲೆ, ಆಪ್ತಸಮಾಲೋಚನೆಗಳನ್ನು ಇಲ್ಲಿನ ಕೈದಿಗಳೂ ನಾಲ್ಕು ವರ್ಷ ಓದಿ ಪದವಿ ಪಡೆಯುತ್ತಾರೆ. ಕ್ರೈಸ್ತರಲ್ಲದವರಿಗೂ ಪ್ರವೇಶವುಂಟು, ಮುಸ್ಲಿಂ ಕೈದಿಗಳೂ ಇಲ್ಲಿ ಓದಿದ್ದಾರೆ.

ಪದವಿ ಪಡೆದವರ ಕೆಲಸ ಭಾನುವಾರದ ಪ್ರಸಂಗಕ್ಕೆ ಮುಗಿಯುವುದಿಲ್ಲ. ಅವರು ಸಹಕೈದಿಗಳ ನಡುವೆ ದಿನವಿಡೀ ಸಭಾಪಾಲಕರಾಗಿ ಓಡಾಡುತ್ತಾರೆ. ಒಂಟಿ ಕೋಣೆಗಳ ಸಾಲಿನಲ್ಲಿ ನಡೆದು ಕಂಬಿಯಾಚೆಯವನ ಜೊತೆ ಮಾತಿಗೆ ನಿಲ್ಲುತ್ತಾರೆ. ಊರಿನಲ್ಲಿ ತಾಯಿಯೋ ಮಗನೋ ತೀರಿಕೊಂಡ ಸುದ್ದಿ ಬಂದಾಗ ಅದನ್ನು ಕೈದಿಗೆ ಮುಟ್ಟಿಸುವ ಕಷ್ಟದ ಹೊಣೆಯಲ್ಲೂ ಇವರ ಪಾಲಿದೆ. ಮಣ್ಣಿಗೂ ಹೋಗಲಾಗದವನ ದುಃಖ ಎಂಥದೆಂದು ಹೊರಗಿನಿಂದ ಬಂದ ಪಾದ್ರಿ ಊಹಿಸಬೇಕಾಗುತ್ತದೆ. ಈ ಸಭಾಪಾಲಕರಲ್ಲಿ ಅನೇಕರು ಅದನ್ನು ಸ್ವತಃ ಉಂಡವರು. ಕೆಲವರನ್ನು ರಾಜ್ಯದ ಬೇರೆ ಜೈಲುಗಳಿಗೂ ಇದೇ ಸೇವೆಗೆ ಕಳುಹಿಸಲಾಗುತ್ತದೆ.

ಈ ಸೇವೆಯ ಅತ್ಯಂತ ಗಾಢವಾದ ರೂಪ ಕಾಣುವುದು ಜೈಲಿನ ಆಸ್ಪತ್ರೆಯಲ್ಲಿ. ಲೂಸಿಯಾನಾದಲ್ಲಿ ಜೀವಾವಧಿ ಎಂದರೆ ಸಾಮಾನ್ಯವಾಗಿ ಸಾಯುವವರೆಗೂ ಸೆರೆ. ಹಾಗಾಗಿ ಅಂಗೋಲಾದ ಬಹುಪಾಲು ಕೈದಿಗಳು ಅಲ್ಲೇ ಮುಪ್ಪಾಗಿ ಅಲ್ಲೇ ಕಣ್ಣುಮುಚ್ಚಬೇಕು. 1998ರಲ್ಲಿ ಅಲ್ಲಿ ಅಂತಿಮ ದಿನಗಳ ಆರೈಕೆಯ ಘಟಕ ಆರಂಭವಾಯಿತು. ರೋಗಿಯ ಮೈ ಒರೆಸುವುದು, ಹೊಲಸು ಬಟ್ಟೆ ಬದಲಿಸುವುದು, ತುತ್ತು ಉಣಿಸುವುದು ತರಬೇತಿ ಪಡೆದ ಕೈದಿ ಸ್ವಯಂಸೇವಕರ ಕೆಲಸ. ಸಾವು ಹತ್ತಿರವಾದಾಗ ಅವರು ಸರದಿಯ ಮೇಲೆ ಹಗಲಿರುಳೂ ಹಾಸಿಗೆಯ ಪಕ್ಕದಲ್ಲಿ ಕೂರುತ್ತಾರೆ. ಯಾರೂ ಒಂಟಿಯಾಗಿ ಸಾಯಬಾರದು ಎಂಬುದು ಅವರು ಹಾಕಿಕೊಂಡ ನೇಮ. ಶವಪೆಟ್ಟಿಗೆ ಮಾಡುವವರೂ ಕೈದಿಗಳೇ, ಕೌದಿ ಹೊಲಿಯುವವರೂ ಕೈದಿಗಳೇ. ಕೈದಿಗಳೇ ಮಾಡಿದ ಗಾಡಿಗೆ ದೊಡ್ಡ ಕುದುರೆಗಳನ್ನು ಕಟ್ಟಿ ಶವವನ್ನು ಜೈಲಿನ ಸ್ಮಶಾನಕ್ಕೆ ಒಯ್ಯಲಾಗುತ್ತದೆ, ಸಹಕೈದಿಗಳು ಹಾಡುತ್ತ ಹಿಂದೆ ನಡೆಯುತ್ತಾರೆ. ಪ್ರಖ್ಯಾತ ಸುವಾರ್ತಾ ಪ್ರಚಾರಕ ಬಿಲ್ಲಿ ಗ್ರಹಾಂ 2018ರಲ್ಲಿ ನಿಧನರಾದಾಗ ಅವರನ್ನು ಮಣ್ಣುಮಾಡಿದ್ದು ಅಂಗೋಲಾದ ಕೈದಿಗಳು ಮಾಡಿಕೊಟ್ಟ ಸರಳ ಮರದ ಪೆಟ್ಟಿಗೆಯಲ್ಲಿ. ಹಿಂದೊಮ್ಮೆ ಒಂದು ಜೀವ ತೆಗೆದ ಕೈಯೇ ಇನ್ನೊಂದು ಜೀವದ ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಹನಿಸುವುದಕ್ಕಿಂತ ದೊಡ್ಡ ಪಶ್ಚಾತ್ತಾಪ ಯಾವುದಿದ್ದೀತು?

ಜೈಲಿನಲ್ಲಿ ಭಕ್ತಿ ಬರೀ ನಟನೆ, ಬೇಗ ಹೊರಬರುವುದಕ್ಕೆ ಹೂಡುವ ಉಪಾಯ ಎಂಬ ಆಕ್ಷೇಪ ಎಲ್ಲ ದೇಶಗಳಲ್ಲೂ ಇದೆ. ಅದು ಸುಳ್ಳಲ್ಲ. ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯ ಆಸೆ ಇರುವ ಕಡೆ ದೇವರ ಹೆಸರು ಶಿಫಾರಸು ಪತ್ರವೂ ಆಗಬಲ್ಲದು. ಆದರೆ ಅಂಗೋಲಾದ ಬಹುತೇಕ ಸಭಾಪಾಲಕರಿಗೆ ಅಂಥ ಬಿಡುಗಡೆಯ ದಾರಿಯೇ ಇಲ್ಲ. ಅವರು ಹತ್ತು ವರ್ಷ ಪ್ರಾರ್ಥಿಸಿದರೂ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಮೇಲಾಗಿ, ದಿನದ ಇಪ್ಪತ್ತನಾಲ್ಕು ಗಂಟೆ ಒಂದೇ ಸೂರಿನಡಿ ಬದುಕುವ ನೂರಾರು ಜನರೆದುರು ವರ್ಷಾನುಗಟ್ಟಲೆ ನಾಟಕ ಆಡುವುದು ಆಗದ ಮಾತು. ಆದ್ದರಿಂದಲೇ ಇಲ್ಲಿನ ಸಾಕ್ಷ್ಯಕ್ಕೆ ಹೆಚ್ಚು ತೂಕ. ಮೈಕೆಲ್ ಹ್ಯಾಲೆಟ್, ಬೈರನ್ ಜಾನ್ಸನ್ ಮೊದಲಾದ ಸಂಶೋಧಕರು ಈ ಸೆಮಿನರಿಯನ್ನು ಅಧ್ಯಯನ ಮಾಡಿ 2016ರಲ್ಲಿ ಪುಸ್ತಕ ಪ್ರಕಟಿಸಿದರು. ಕೈದಿಗಳು ತಾವೇ ನಡೆಸುವ ಸಭೆಗಳಿಗೆ ಅವರು ಹೆಚ್ಚಿನ ಮಹತ್ವ ಕೊಟ್ಟಿರುವುದು ಗಮನಾರ್ಹ.

ಅಂಗೋಲಾದಲ್ಲಿ ಹಿಂಸೆ ತಗ್ಗಿದ್ದಕ್ಕೆ ಸೆಮಿನರಿಯೊಂದೇ ಕಾರಣ ಎನ್ನುವವರೂ ಇದ್ದಾರೆ. ಆ ಮಾತನ್ನು ಒಪ್ಪಲಾಗದು. 1970ರ ದಶಕದ ಮಧ್ಯದಲ್ಲೇ ಫೆಡರಲ್ ನ್ಯಾಯಾಲಯ ಜೈಲಿನ ಸುಧಾರಣೆಗೆ ಆದೇಶಿಸಿತ್ತು; ಆಡಳಿತ ಬಿಗಿಯಾಗಿ, ಪರಿಸ್ಥಿತಿ ಸುಧಾರಿಸತೊಡಗಿತ್ತು. ಕೈದಿಗಳೇ ಸಂಪಾದಿಸುವ ‘ದಿ ಆಂಗೊಲೈಟ್’ ಪತ್ರಿಕೆಯೂ ಅದೇ ದಶಕದಲ್ಲಿ ಸೆನ್ಸಾರ್ ಇಲ್ಲದೆ ಹೊರಬಂದು ರಾಷ್ಟ್ರಮಟ್ಟದ ಪ್ರಶಸ್ತಿಗಳನ್ನು ಗಳಿಸಿತು. ಆದರೆ ಈ ಸಂಗತಿಗಳು ಮೂಲ ವಾದಕ್ಕೆ ಬಲವನ್ನೇ ಕೊಡುತ್ತವೆ. ಪತ್ರಿಕೆ ಇರಲಿ, ಆರೈಕೆ ಘಟಕ ಇರಲಿ, ಪ್ರಾರ್ಥನಾ ಸಭೆ ಇರಲಿ, ಕೈದಿಯ ಮೇಲೆ ಭರವಸೆಯಿಟ್ಟು ಹೊಣೆ ವಹಿಸಿದ ಕಡೆಯೆಲ್ಲ ಒಳ್ಳೆಯ ಫಲ ಬಂದಿದೆ. ಆ ಹೊಣೆಗೆ ಬೇಕಾದ ಭಾಷೆ, ಸಂಗಡಿಗರ ಬಳಗ, ಕ್ಷಮೆಯ ನಂಬಿಕೆಗಳನ್ನು ಧರ್ಮ ಒಟ್ಟಿಗೇ ಒದಗಿಸುವುದರಿಂದ ಸಭೆ ಹೆಚ್ಚು ಕಾಲ ಬಾಳುತ್ತದೆ. ಕನ್ನಡಿಗರಿಗೆ ಈ ತತ್ವ ಹೊಸದಲ್ಲ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ನಮ್ಮ ಜೈಲುಗಳ ಕೈದಿಗಳಿಂದಲೇ ನಾಟಕ ಆಡಿಸಿದಾಗ ರಂಗದ ಮೇಲೆ ನಾವು ಕಂಡದ್ದೂ ಇದನ್ನೇ.

ಸರ್ಕಾರಿ ಜೈಲಿನಲ್ಲಿ ಒಂದು ಧರ್ಮಕ್ಕೆ ಮಣೆ ಹಾಕುವುದು ಸರಿಯೇ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಅಯೋವಾ ರಾಜ್ಯದ ಜೈಲೊಂದರಲ್ಲಿ ಪ್ರಿಸನ್ ಫೆಲೋಶಿಪ್ ಸಹಯೋಗದಲ್ಲಿ ನಡೆಯುತ್ತಿದ್ದ, ಸರ್ಕಾರದ ಹಣವೂ ಸೇರಿದ್ದ ಕಾರ್ಯಕ್ರಮವನ್ನು ಫೆಡರಲ್ ನ್ಯಾಯಾಲಯ 2006ರಲ್ಲಿ ಸಂವಿಧಾನಬಾಹಿರ ಎಂದಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪಿನ ಮುಖ್ಯಾಂಶವನ್ನು ಎತ್ತಿಹಿಡಿಯಿತು. ಅಂಗೋಲಾದಲ್ಲೂ ಮರಣದಂಡನೆಗೆ ಗುರಿಯಾದ ಕ್ಯಾಥೊಲಿಕ್ ಕೈದಿಯೊಬ್ಬ, ತನ್ನ ಪಂಥದ ಆರಾಧನೆಗೆ ಸರಿಯಾದ ಅವಕಾಶವಿಲ್ಲ ಎಂದು 2009ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ. ಇಂಥ ದೂರುಗಳನ್ನು ಭಕ್ತಿಯ ವಿರೋಧ ಎಂದು ತಳ್ಳಿಹಾಕಬಾರದು. ಬಲವಂತದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ ಎಂದು ಮೊದಲು ಹೇಳಬೇಕಾದವರು ಕ್ರೈಸ್ತರೇ. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳಲ್ಲಿ ಇದಕ್ಕೆ ನ್ಯಾಯವಾದ ಅಳತೆಗೋಲಿದೆ: ಕೈದಿಗೆ ತನ್ನ ಧರ್ಮದ ಗುರುವನ್ನು ಕಾಣುವ ಹಕ್ಕಿರಬೇಕು, ಬೇಡವೆಂದರೆ ಅವನ ಮನಸ್ಸಿಗೂ ಪೂರ್ಣ ಗೌರವ ಸಿಗಬೇಕು.

ಭಕ್ತಿ ಅನ್ಯಾಯಕ್ಕೆ ಹೊದಿಸುವ ಶಾಲು ಆಗುತ್ತದೆ ಎಂಬುದು ಎಲ್ಲಕ್ಕಿಂತ ಕಟುವಾದ ಆಕ್ಷೇಪ. ಇದಕ್ಕೆ ಅಂಗೋಲಾದಲ್ಲೇ ಪುರಾವೆಗಳಿವೆ. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ; ಗುಲಾಮರ ಕಾಲದ ಹೊಲದಲ್ಲಿ ಗಂಟೆಗೆ ಕೆಲವೇ ಸೆಂಟ್‌ಗಳ ಕೂಲಿಗೆ ದುಡಿಯುತ್ತಾರೆ. ಜ್ಯೂರಿಯ ಹನ್ನೆರಡು ಸದಸ್ಯರಲ್ಲಿ ಹತ್ತು ಮಂದಿ ಒಪ್ಪಿದರೂ ಅಪರಾಧಿ ಎಂದು ತೀರ್ಮಾನಿಸುವ ಪದ್ಧತಿ ಲೂಸಿಯಾನಾದಲ್ಲಿ ದಶಕಗಳ ಕಾಲ ಇತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು, ಆದರೆ ಹಳೆಯ ಪ್ರಕರಣಗಳಿಗೆ ಆ ತೀರ್ಪು ತಾನಾಗಿ ಅನ್ವಯಿಸುವುದಿಲ್ಲ ಎಂದು 2021ರಲ್ಲಿ ಹೇಳಿತು. ಆಲ್ಬರ್ಟ್ ವುಡ್‌ಫಾಕ್ಸ್ ಎಂಬ ಕೈದಿಯನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಏಕಾಂತ ಸೆರೆಯಲ್ಲಿಡಲಾಗಿತ್ತು, ಬಿಡುಗಡೆಯಾದದ್ದು 2016ರಲ್ಲಿ. ಪ್ರಾರ್ಥನೆಯ ದನಿ ಇಂಥ ಸಂಗತಿಗಳನ್ನು ಮುಚ್ಚಿಹಾಕಿದರೆ ಅದು ಪಾಪವೇ. ಆದರೆ ಕೆಟ್ಟ ವ್ಯವಸ್ಥೆಯೊಳಗೆ ಮನುಷ್ಯ ಮನುಷ್ಯನಾಗಿ ಉಳಿಯಲು ಹಿಡಿದುಕೊಂಡ ಆಸರೆಯನ್ನು ಆ ವ್ಯವಸ್ಥೆಯ ತಪ್ಪಿನ ಲೆಕ್ಕಕ್ಕೆ ಸೇರಿಸುವುದೂ ನ್ಯಾಯವಲ್ಲ. ಸಾಯುತ್ತಿರುವವನ ಪಕ್ಕ ಕೂತ ಕೈದಿಯನ್ನು ಎಬ್ಬಿಸಿ, ಮೊದಲು ಕಾನೂನು ಬದಲಾಗಲಿ, ಆಮೇಲೆ ಸೇವೆ ಮಾಡು ಎನ್ನಲಾಗದು. ಎರಡೂ ಕೆಲಸ ಏಕಕಾಲಕ್ಕೆ ನಡೆಯಬೇಕು. ಹಾಗೆಯೇ ಸಭೆಯ ಕ್ಷಮೆಯೇ ಬೇರೆ, ಅಪರಾಧಕ್ಕೆ ಬಲಿಯಾದವರ ಕ್ಷಮೆಯೇ ಬೇರೆ. ಮೊದಲನೆಯದು ಸಿಕ್ಕಿತೆಂದು ಎರಡನೆಯದನ್ನು ಹಕ್ಕಿನಿಂದ ಕೇಳುವಂತಿಲ್ಲ.

ಭಾರತದ ಸ್ಥಿತಿ ಬೇರೆ. 2022ರ ಕೊನೆಗೆ ನಮ್ಮ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತೇ ಆಗಿಲ್ಲದಿರುವಾಗ ಪಶ್ಚಾತ್ತಾಪದ ಬೋಧನೆಗಿಂತ ಮೊದಲು ಬೇಕಾದದ್ದು ವಕೀಲರು, ಜಾಮೀನು, ಮನೆಯವರ ಸಂಪರ್ಕ. 1980ರ ದಶಕದ ಆರಂಭದಲ್ಲಿ ಕೇರಳದಲ್ಲಿ ಹುಟ್ಟಿ, ಈಗ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಚೇರಿ ಹೊಂದಿರುವ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’ದ ಪಾದ್ರಿಗಳು, ಸನ್ಯಾಸಿನಿಯರು ಮತ್ತು ಸ್ವಯಂಸೇವಕರು ಜೈಲು ಭೇಟಿಯ ಜೊತೆಗೆ ಬಿಡುಗಡೆಯಾದವರ ಪುನರ್ವಸತಿ ಮತ್ತು ಕೈದಿಗಳ ಮಕ್ಕಳ ಓದಿನತ್ತಲೂ ಗಮನ ಕೊಡುತ್ತಿರುವುದು ಈ ಅರಿವಿನಿಂದಲೇ.

ಅಂಗೋಲಾವನ್ನು ಇಲ್ಲಿಗೆ ತಂದು ನಾಟಿ ಮಾಡಬೇಕಾಗಿಲ್ಲ. ಅದರ ಪಾಠ ಕಲಿತರೆ ಸಾಕು. ಯಾವ ಧರ್ಮದವರೇ ಜೈಲಿನೊಳಗೆ ಸೇವೆಗೆ ಹೋಗಲಿ, ತಾವು ಎಷ್ಟು ಪ್ರಸಂಗ ಮಾಡಿದೆವು ಎಂದು ಎಣಿಸುವುದನ್ನು ಬಿಟ್ಟು, ಎಷ್ಟು ಕೈದಿಗಳ ಕೈಗೆ ಇನ್ನೊಬ್ಬರ ಹೊಣೆ ಕೊಟ್ಟೆವು ಎಂದು ಕೇಳಿಕೊಳ್ಳಲಿ. ಓದುಬರಹ ಬಲ್ಲವನಿಂದ ಬಾರದವನಿಗೆ ಪಾಠ ಹೇಳಿಸಲಿ, ಹಳಬನಿಂದ ಹೊಸಬನಿಗೆ ಧೈರ್ಯ ಕೊಡಿಸಲಿ, ರೋಗಿಯ ಪಕ್ಕ ಕೂರಲು ಒಬ್ಬನನ್ನು ತಯಾರು ಮಾಡಲಿ. ಜೈಲಿನ ಅಧಿಕಾರಿಗಳು ಅದಕ್ಕೆ ಎಡೆ ಮಾಡಿಕೊಡಲಿ. ಕೈದಿಯನ್ನು ಉಪದೇಶಕ್ಕಷ್ಟೇ ಅಲ್ಲ, ಜವಾಬ್ದಾರಿಗೂ ಅರ್ಹನೆಂದು ಒಪ್ಪಿಕೊಂಡ ದಿನ ಸೆರೆಮನೆಯ ಸುಧಾರಣೆ ನಿಜವಾಗಿ ಆರಂಭವಾಗುತ್ತದೆ.